ನೂರನೆಯವನು

ಟೈಲರಮ್ಮನ ಗಂಡನಿಗೂ ಅವಳ ತಮ್ಮನಿಗೂ ಹ್ಯಾಮ್ ರೇಡಿಯೋ ಹುಚ್ಚು, ಮನೆಯಲ್ಲೇ ಕೂತು ದೂರದೂರದವರ ಜೊತೆ ಮಾತಾಡುವ ಹವ್ಯಾಸ. ತಮ್ಮನ ಮನೆ ಮೇಲೆ ಅರವತ್ತು ಅಡಿಯ ಟವರ್, ಅದರ ತುದಿಯಲ್ಲಿ ಬೇಕಾದ ದಿಕ್ಕಿಗೆ ತಿರುಗುವ ಆಂಟೆನಾ. ಗಡಿಯಾರ ರಿಪೇರಿಯ ಗಂಡನದು ಹನ್ನೆರಡು ಅಡಿ ಎತ್ತರದಲ್ಲಿ ಎಳೆದು ಕಟ್ಟಿದ ತಾಮ್ರದ ತಂತಿ. ವರ್ಷಕ್ಕೊಮ್ಮೆ ಎರಡು ದಿನದ ಸ್ಪರ್ಧೆ: ಯಾರು ಹೆಚ್ಚು ಜನರ ಜೊತೆ ಮಾತಾಡುತ್ತಾರೋ ಅವರು ಗೆದ್ದರು. ತಮ್ಮ ಸಾವಿರ ದಾಟುತ್ತಿದ್ದ, ಗಂಡ ನಲವತ್ತಕ್ಕೇ ಏದುಸಿರು ಬಿಡುತ್ತಿದ್ದ. ತಂತಿ ತಗ್ಗಿನಲ್ಲಿದ್ದರೆ ಮಾತು ದೂರ ಹೋಗದೆ ನೆತ್ತಿಯ ಮೇಲಕ್ಕೇ ಹೋಗಿ ಹಾಳಾಗುತ್ತದೆ.

“ಒಂದೇ ಒಂದು ಸಲ ನೂರಾಗ್ಲಿ, ಸಾಕು,” ಅನ್ನುತ್ತಿದ್ದ, ಹತ್ತು ವರ್ಷದಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಈ ಸಲ ನೀರಿನ ಟ್ಯಾಂಕಿಗೆ ಪೈಪ್ ಬಿಗಿದು ಮೂವತ್ತು ಅಡಿಗೆ ಏರಿಸಿದರು. ಹೊಸ ತಂತಿ ಕತ್ತರಿಸುವ ಕೆಲಸ ಅವಳದು. ಗಂಡ ಹಳೆಯ ಅಳತೆಯನ್ನೇ ಕೊಟ್ಟಿದ್ದ. ಕೈ ಕೇಳಬೇಕಲ್ಲ! ಎರಡೂ ತುದಿಗೆ ನಾಲ್ಕು ಬೆರಳು ಹೊಲಿಗೆಗೆಂದು ಬಿಟ್ಟೇ ಕತ್ತರಿಸಿದಳು.

“ಇದೇನು ಅಂಗಿಯೇನೇ, ಆಮೇಲೆ ಬಿಚ್ಚಿ ಸಡಿಲ ಮಾಡೋಕೆ?” ಎಂದು ರೇಗಿದ. ಕಟ್ಟಿ ಮೀಟರ್ ನೋಡಿದರೆ, ಎತ್ತರಕ್ಕೆ ಹೋದ ತಂತಿಗೆ ಅಷ್ಟು ಉದ್ದ ಬೇಕೇ ಬೇಕಿತ್ತು. ಬೈದ ಬಾಯಲ್ಲೇ ನಕ್ಕ.

ಎರಡನೆಯ ದಿನದ ಸಂಜೆ. ಮಾತಿಗೆ ಸಿಕ್ಕ ಪ್ರತಿಯೊಬ್ಬರಿಗೂ ಅವರು ಎಷ್ಟನೆಯವರು ಎಂದು ಸಂಖ್ಯೆ ಹೇಳಬೇಕು. ತೊಂಬತ್ತೊಂಬತ್ತು ಹೇಳಿ ಅರ್ಧ ಗಂಟೆಯಾಗಿತ್ತು. ಗಂಟಲು ಹರಿದುಕೊಂಡರೂ ಹೊಸಬರು ಯಾರೂ ಓಗೊಡಲಿಲ್ಲ. ಉಳಿದದ್ದು ಎರಡೇ ನಿಮಿಷ.

“ನನ್ನ ತಮ್ಮ ಇದಾನಲ್ಲ, ಕರೀರಿ.”

“ಅವನ ಭಿಕ್ಷೆ ನಂಗೆ ಬೇಡ ಅಂತ ಅವನಿಗೇ ಹೇಳಿದೀನಿ.”

“ಭಿಕ್ಷೆ ಏನು ಬಂತು? ನೀವು ಕರೆದ್ರೆ ಅವನಿಗೂ ಒಂದು ಅಂಕ ಸಿಗಲ್ವಾ? ಕೊಡೋರು ನೀವು.”

ಮುಖ ಗಂಟಿಕ್ಕಿಕೊಂಡೇ ಮೈಕ್ ಎತ್ತಿ ಭಾವಮೈದನ ರೇಡಿಯೋ ಹೆಸರು ಹಿಡಿದು ಕರೆದ. ಕರೆದು ಮುಗಿಸುವಷ್ಟರಲ್ಲೇ ಉತ್ತರ ಬಂತು.

“ಅಬ್ಬಾ, ಕರೆದ್ರಲ್ಲ ಭಾವ! ನೀವು ತೊಂಬತ್ತೊಂಬತ್ತು ಅಂದಿದ್ದು ಕೇಳಿಸ್ತು. ಆವಾಗಿಂದ ಬೇರೆ ಯಾರ ಹತ್ರಾನೂ ಮಾತಾಡಿಲ್ಲ. ಇಲ್ಲೇ ಕಾಯ್ತಾ ಕೂತಿದೀನಿ.”

ಅರ್ಧ ಗಂಟೆ! ಆ ಟವರಿಗೆ ಅರ್ಧ ಗಂಟೆಯೆಂದರೆ ಇಪ್ಪತ್ತೈದು ಜನ. ಗಂಡ ಸಂಖ್ಯೆ ಹೇಳುವುದನ್ನು ಬಿಟ್ಟು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳತೊಡಗಿದ. ಟೈಲರಮ್ಮನಿಗೂ ಕಣ್ಣು ತುಂಬಿ ಬಂತು.

“ಭಾವ, ನಂಬರ್ ಹೇಳಿ, ಟೈಮ್ ಮುಗೀತಾ ಇದೆ!”

ಅವಳು ಗಂಡನ ಬೆನ್ನಿಗೊಂದು ಗುದ್ದಿದಳು.

“ನೂರು ಕಣೋ,” ಅಂದ.