ನಮ್ಮ ಹಳ್ಳದ ವಿಡಿಯೊ

"ಇದು ನಿಮ್ಮ ಹಳ್ಳ ಅಲ್ರೀ ಅಕ್ಕಾರ. ಹಿಂದ ಹೊಂಟ ಬಸ್ ನೋಡ್ರಿ, ಬೋರ್ಡು ತೆಲುಗಿನಾಗ ಐತಿ," ಎಂದು ವಿಜಯಪುರದ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಅಧಿಕಾರಿ ಮೊಬೈಲನ್ನು ಕಸ್ತೂರಿಯತ್ತ ತಿರುಗಿಸಿದರು. ಸತ್ತು ತೇಲುವ ಮೀನುಗಳ ಹಿಂದೆ, ಸೇತುವೆಯ ಮೇಲೆ, ಬಸ್ಸೊಂದು ಹಾದುಹೋಯಿತು. ಆ ವಿಡಿಯೊವನ್ನು ಅವಳು ಎಷ್ಟೋ ಸಲ ನೋಡಿದ್ದಳು. ಬಸ್ಸು ಕಣ್ಣಿಗೆ ಬಿದ್ದದ್ದು ಈಗಲೇ. ಇದೊಂದು ಸುಳ್ಳಾದರೆ ಉಳಿದ ದೂರನ್ನು ಹೇಗೆ ನಂಬುವುದು, ನಿಜವಾದದ್ದಿದ್ದರೆ ತನ್ನಿ ಎಂದು ಅವರು ಕಳಿಸಿಬಿಟ್ಟರು.

ಬಬಲೇಶ್ವರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಮೈ ಉರಿಯುತ್ತಿತ್ತು. ತನ್ನೂರು ಜೈನಾಪುರದ ಹಳ್ಳಕ್ಕೆ ಕಾರ್ಖಾನೆಯ ಕೊಳೆನೀರು ಸೇರತೊಡಗಿದ ಮೇಲೆ ಊರವರ ವಾಟ್ಸ್ಯಾಪ್ ಗುಂಪು ಕಟ್ಟಿದವಳು ಅವಳೇ. ಜಾಗ, ತಾರೀಖು ಮೂಡುವಂತೆ ಫೋಟೊ, ವಿಡಿಯೊ ತೆಗೆಯುವುದನ್ನು ವಿಜಯಪುರದ ಪೂರ್ವಾ ಎಂಬ ಹುಡುಗಿಯನ್ನು ಕರೆಸಿ ಊರವರಿಗೆ ಹೇಳಿಕೊಡಿಸಿಯೂ ಆಗಿತ್ತು. ಎಲ್ಲರೂ ತಲೆಯಾಡಿಸಿದ್ದರು. ಮರುದಿನದಿಂದ ಗುಂಪಿಗೆ ಬಂದದ್ದು ಗುಲಾಬಿ ಹೂವಿನ ಶುಭೋದಯ, ಸಕ್ಕರೆ ಕಾಯಿಲೆಯ ಮದ್ದು, ಯಾರದೋ ಎಮ್ಮೆ ಮಾರಾಟಕ್ಕಿರುವ ಸುದ್ದಿ. ಅವುಗಳ ನಡುವೆ ಕುರಿ ಕಾಯುವ ಖಂಡಪ್ಪ ಹಾಕಿದ್ದು ಈ ಮೀನಿನ ವಿಡಿಯೊ. ಅಂತೂ ಒಬ್ಬರಾದರೂ ಕಲಿತರಲ್ಲ ಎಂಬ ಹುರುಪಿನಲ್ಲಿ ಅವಳೇ ಅದನ್ನು ದೂರಿಗೆ ಜೋಡಿಸಿದ್ದಳು.

ಊರು ಮುಟ್ಟಿದವಳು ಮನೆಗೆ ಹೋಗದೆ ನೇರ ಹಳ್ಳಕ್ಕಿಳಿದಳು. ಖಂಡಪ್ಪ ಜಾಲಿಯ ನೆರಳಲ್ಲಿ ಕೂತಿದ್ದ.

"ಅದು ಎಲ್ಲೀದೋ ಹಳ್ಳ ಐತಿ ಕಾಕಾ. ಯಾಕ ಹಾಕಿದಿ?"

"ಅಳ್ಯಾ ಕಳಿಸಿದ್ದ. ನಮ್ಮ ನೀರೂ ಹಂಗ ಐತೆಲ್ಲ ಯವ್ವಾ."

"ಹಂಗ ಐತಿ ಅಂದ್ರ ನಡ್ಯಾಂಗಿಲ್ಲ. ಇದನ್ನ ತೋರಸಬೇಕು."

ಖಂಡಪ್ಪನಿಗೂ ಸಿಟ್ಟು ಬಂತು. "ಮತ್ತ ನನಗ ಯಾರು ತೋರಿಸ್ಯಾರ? ಆ ಹುಡುಗಿ ಗ್ವಾಡಿ ಮ್ಯಾಲಿನ ಪರದೆದಾಗ ತೋರಿಸಿ ಹೋದಳು. ನನ್ನ ಫೋನು ನನ್ನ ಕಿಸೇದಾಗ ಇತ್ತು."

ಕಸ್ತೂರಿ ಕೈಚಾಚಿ ಅವನ ಮೊಬೈಲು ಇಸಿದುಕೊಂಡು, ವಿಡಿಯೊಗೆ ಎಲ್ಲಿ ಒತ್ತಬೇಕೆಂದು ತೋರಿಸಿ, ತಿರುಗಿ ಅವನ ಕೈಗೇ ಕೊಟ್ಟಳು. ಮೊದಲು ಬಂದದ್ದು ಅವನ ಹೆಬ್ಬೆರಳು. ಆಮೇಲೆ ಬರೀ ಆಕಾಶ. ಅದಾದ ಮೇಲೆ ಅವನದೇ ಮೀಸೆ. ಪ್ರತಿ ಸಲವೂ ಅವಳ ದನಿ ಏರುತ್ತಿತ್ತು. ಅಳ್ಳಾಡಿಸಬೇಡ ಎಂದಳು, ಮಾತಾಡಬೇಡ ಎಂದಳು. ಕೊನೆಗೊಮ್ಮೆ ಕಪ್ಪು ನೀರು, ನೊರೆ, ಕೆಳಗೆ ಜೈನಾಪುರದ ಹೆಸರು, ತಾರೀಖು ಎಲ್ಲವೂ ಸರಿಯಾಗಿ ಕೂತವು.

ಅಷ್ಟರಲ್ಲಿ ಬಿಸಿಲಿಗೆ ಬಾಯಾರಿದ ಕುರಿಗಳು ದಂಡೆಯಿಳಿದು ಅಡ್ಡ ಬಂದವು. ಎಲ್ಲ ಹಾಳಾಯಿತೆಂದು ಕಸ್ತೂರಿ ಕೈಯೆತ್ತಿಕೊಂಡು ಓಡಿಸಲು ಹೋದಳು. ಖಂಡಪ್ಪ ವಿಡಿಯೊ ನಿಲ್ಲಿಸದೆ, ಮೊಬೈಲು ಹಿಡಿದ ಕೈ ಕದಲಿಸದೆ, ಇನ್ನೊಂದು ಕೈಯಿಂದ ಅವಳನ್ನು ತಡೆದ.

ಮುಂದಿನ ಕುರಿ ನೀರಿಗೆ ಮೂತಿಯಿಟ್ಟು ಮೂಸಿತು. ತಲೆ ಎತ್ತಿತು. ಹಿಂದಿನವೂ ಬಂದು ಅದರ ಪಕ್ಕದಲ್ಲಿ ಸಾಲಾಗಿ ನಿಂತವು. ಒಂದೂ ಬಾಯಿ ಹಚ್ಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಒಂದರ ಹಿಂದೊಂದು ತಿರುಗಿ ದಂಡೆ ಹತ್ತತೊಡಗಿದವು.