ಬಾಡಿ ಅರ್ತು

"ಈಗ ಹೋಯ್ತಾ?" ವ್ಯಾನಿನ ಹಿಂದಿನ ಸೀಟಿನ ಹತ್ತಿರ ಬಗ್ಗಿಕೊಂಡೇ ಬೈರಯ್ಯ ಕೇಳಿದ.

"ಎಲ್ಲೋಯ್ತು? ಕಿವಿಯೊಳಗೇ ಕೂತ್ಕೊಂಡು ಕುಂಯ್ ಅಂತಾ ಐತೆ," ಎಂದ ಸ್ಟೀರಿಂಗ್ ಮುಂದೆ ಕೂತಿದ್ದ ವೆಂಕಟರಮಣಪ್ಪ. "ನಿಮಗೆ ಕೇಳ್ತಿಲ್ವಾ?"

ಬೈರಯ್ಯ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಇಂಜಿನ್ನಿನ ಗುಡುಗುಡು ಕೇಳಿಸಿತು. ವಿಜಯನಗರದ ಮಾರ್ಕೆಟ್ ರಸ್ತೆಯ ಹಾರನ್ನು, ಸೊಪ್ಪಿನವಳ ಕೂಗು, ಎಲ್ಲವೂ ಕೇಳಿಸಿತು. ಕುಂಯ್ ಮಾತ್ರ ಇರಲಿಲ್ಲ.

"ಕೇಳ್ತಾ ಇದೆ, ಕೇಳ್ತಾ ಇದೆ. ಸ್ಪೀಕರ್ ವೈರಿರಬೇಕು," ಎಂದು ಒಂದು ಸುಳ್ಳು ಬಿಟ್ಟ.

ಸುಂಕದಕಟ್ಟೆಯ ವೆಂಕಟರಮಣಪ್ಪನದು ಮದುವೆ ದಿಬ್ಬಣಕ್ಕೆ ಓಡುವ ವ್ಯಾನು. ಹಾಡು ಚೆನ್ನಾಗಿ ಕೇಳದಿದ್ದರೆ ದಿಬ್ಬಣದವರು ಊಟದಲ್ಲಿ ಉಪ್ಪಿಲ್ಲವೆಂಬಂತೆ ಮುಖ ಮಾಡುತ್ತಾರೆ. ಅದಕ್ಕೇ ಶ್ರಾವಣದಲ್ಲಿ ಬೈರಯ್ಯನ ಅಂಗಡಿಯಲ್ಲಿ ಆಂಪ್ಲಿಫೈಯರ್ ಹಾಕಿಸಿದ್ದ. ಆಯುಧಪೂಜೆ ಮುಗಿಸಿ ಗಾಡಿ ತೆಗೆದರೆ ಹಾಡಿನ ಜೊತೆ ಈ ಕುಂಯ್ ಶುರುವಾಗಿತ್ತು. ಬೆಳಗಾದರೆ ಮಾಗಡಿಗೆ ಮದುವೆ ಟ್ರಿಪ್ಪು.

"ಸಾಯಂಕಾಲ ಬರ್ತೀನಿ," ಎಂದು ಅವನು ಕೀಲಿ ಕೊಟ್ಟ. "ಸರಿಹೋಗಿಲ್ಲಾಂದ್ರೆ ಎಲ್ಲಾ ಬಿಚ್ಚಿಟ್ಬಿಡಿ. ಎದುರುಗಡೆ ಹುಡುಗರ ಹತ್ರ ಹಾಕಿಸ್ಕೊಂತೀನಿ. ಬೇಜಾರ್ ಮಾಡ್ಕೋಬೇಡಿ, ನಿಮಗೂ ವಯಸ್ಸಾಯ್ತು."

ಬೈರಯ್ಯನಿಗೆ ಬೇಜಾರಾಗಲಿಲ್ಲ, ಭಯವಾಯಿತು. ಎದುರುಗಡೆ ಗಾಜಿನ ಬಾಗಿಲಿನ ಹೊಸ ಅಂಗಡಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಬೈರಯ್ಯನಿಗೆ ಕಿವಿ ಹೋಯಿತಂತೆ ಎಂಬ ಸುದ್ದಿ ರಸ್ತೆ ದಾಟಿತೆಂದರೆ ಮುಗಿಯಿತು, ಗಾಡಿಗಳೂ ಅದರ ಹಿಂದೆಯೇ ದಾಟುತ್ತವೆ. ರೇಡಿಯೋ ರಿಪೇರಿಯಿಂದ ಶುರುಮಾಡಿ ಸದ್ದನ್ನೇ ನಂಬಿ ಬದುಕಿದವನು ಅವನು. ಈಗ ಸದ್ದೇ ಕೈಕೊಡುತ್ತಿತ್ತು. ಆದರೂ ತಾನು ಹಾಕಿದ್ದನ್ನು ತಾನೇ ಬಿಚ್ಚಿ ಬುಟ್ಟಿಗೆ ತುಂಬಿಕೊಡುವುದಂತೂ ಆಗದ ಮಾತು. ಸ್ಪೀಕರ್ ವೈರು ಬದಲಾಯಿಸಿ ಆಗಿತ್ತು, ಪ್ಲೇಯರ್ ಬೇರೆಯದು ಹಾಕಿ ನೋಡಿ ಆಗಿತ್ತು. ಹೋಯಿತೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ?

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ವರಲಕ್ಷ್ಮಿ ಯಾರದೋ ಧಾರೆ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಬೈರಯ್ಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಸ್ವಲ್ಪ ಗಾಡಿ ಹತ್ರ ಬಾರೇ. ಒಂದು ಸದ್ದು ಬರ್ತಿದೆಯಂತೆ. ನನಗೆ... ನನಗೆ ಕೇಳ್ತಾ ಇಲ್ಲ."

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಗೊತ್ತು. ಸೊಳ್ಳೆ ನಿಮ್ಮ ಕಿವಿ ಮೇಲೆ ಕೂತು ಕಚೇರಿ ಮಾಡಿದ್ರೂ ಗೊರಕೆ ಹೊಡೀತಿರ್ತೀರ."

"ಹೇಳ್ಬಾರ್ದಿತ್ತಾ ಮತ್ತೆ?"

"ಹೇಳಿದ್ರೆ ಕೇಳೋರಾ ನೀವು?"

ಸ್ಟೀರಿಂಗ್ ಮುಂದೆ ಕೂರಿಸಿದ್ದೇ ತಡ, ವರಲಕ್ಷ್ಮಿಯ ಧೈರ್ಯವೆಲ್ಲ ಇಳಿಯಿತು. "ರೀ, ಇದು ಮುಂದಕ್ಕೆ ಹೋಗ್ಬಿಟ್ರೆ?"

"ನ್ಯೂಟ್ರಲ್‌ನಲ್ಲಿದೆ, ಎಲ್ಲೂ ಹೋಗಲ್ಲ. ಬಲಗಡೇದು ಮೆಲ್ಲಗೆ ಒತ್ತು. ಸದ್ದು ಹೆಂಗೆ ಬರುತ್ತೋ ಹಂಗೇ ನೀನು ಬಾಯಲ್ಲಿ ಅನ್ನು."

"ನಾನಾ? ರಸ್ತೇಲಿ ಕೂತ್ಕೊಂಡಾ?"

"ಅನ್ನೇ!"

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಶುರುಮಾಡಿದಳು. "ಕುಂಯ್ಯ್..." ಆಕ್ಸಿಲರೇಟರ್ ಒತ್ತಿದಂತೆ ಅವಳ ದನಿ ಮೇಲಕ್ಕೇರಿತು, ಕಾಲು ತೆಗೆದಂತೆ ಕೆಳಗಿಳಿಯಿತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಬೈರಯ್ಯನಿಗೆ ಅದರ ಪರಿವೆಯೇ ಇರಲಿಲ್ಲ. ಗಾಡಿಯಲ್ಲಿ ಕೇಳಿಸದಿದ್ದ ಸದ್ದು ಹೆಂಡತಿಯ ಗಂಟಲಲ್ಲಿ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಸಂತೋಷಕ್ಕೆ ಸೀಟನ್ನೊಮ್ಮೆ ಗುದ್ದಿದ.

"ಇಂಜಿನ್ ಜೊತೆ ಏರ್ತಿದೆ! ಹಂಗಾದ್ರೆ ಇದು ಅರ್ತು ಕಣೇ, ಅರ್ತು!"

ಆಂಪ್ಲಿಫೈಯರಿನ ಕಪ್ಪು ವೈರನ್ನು ಗಾಡಿಯ ಕಬ್ಬಿಣಕ್ಕೇ ಬಿಗಿಯುವುದಕ್ಕೆ ಆ ಕಸುಬಿನಲ್ಲಿ ಬಾಡಿ ಅರ್ತು ಎನ್ನುತ್ತಾರೆ. ಅದು ಬರಿಯ ಕಬ್ಬಿಣಕ್ಕೆ ಸರಿಯಾಗಿ ತಾಗದಿದ್ದರೆ ಇಂಜಿನ್ನಿನ ಸದ್ದು ಸ್ಪೀಕರಿಗೆ ನುಗ್ಗುತ್ತದೆ. ತಾನು ಹಾಕಿದ ಅರ್ತು ಜಪ್ಪಯ್ಯ ಎಂದರೂ ಅಲುಗದೆಂಬ ಜಂಬ ಅವನದು. ಆದ್ದರಿಂದಲೇ ಉಳಿದದ್ದನ್ನೆಲ್ಲ ಅನುಮಾನಿಸಿ ಅದೊಂದನ್ನು ಬಿಟ್ಟಿದ್ದ. ಸೀಟು ಬಿಚ್ಚಿ, ಮ್ಯಾಟ್ ಎತ್ತಿ ನೋಡಿದ. ನೆಲವೆಲ್ಲ ಫಳಫಳ ಹೊಳೆಯುವ ಕಪ್ಪು ಬಣ್ಣ! ಬೋಲ್ಟನ್ನು ಬಿಚ್ಚಿ ಅದರ ಕೆಳಗೂ ಬಳಿದು, ಬಣ್ಣದ ಮೇಲೆಯೇ ವೈರು ಕೂರಿಸಿ ಬಿಗಿದಿದ್ದರು. ಹಬ್ಬಕ್ಕೆಂದು ಮಚ್ಚು ಕುಡುಗೋಲಿಗೆ ಕುಂಕುಮ ಬಳಿಯುವ ಭಕ್ತಿಯಲ್ಲೇ ಬಳಿದಿದ್ದರು.

ಚಾಕುವಿನಿಂದ ಸುತ್ತಲೂ ಕೆರೆದು, ಬಿಗಿದು, "ಅನ್ನು," ಎಂದ. ವರಲಕ್ಷ್ಮಿ ಸಣ್ಣಗೆ ಕುಂಯ್ ಎಂದಳು. ಕಡಿಮೆಯಾಗಿತ್ತು, ಹೋಗಿರಲಿಲ್ಲ. ಅವನು ಮತ್ತೆ ಬಿಚ್ಚಿದ. ಉಪ್ಪುಕಾಗದ ಹಿಡಿದು ಉಜ್ಜತೊಡಗಿದ. ಸೊಂಟ ಹಿಡಿದುಕೊಂಡಿತು, ಬೆವರು ಕನ್ನಡಕದ ಮೇಲೆ ಬಿತ್ತು. ಬೆಳ್ಳಗೆ ಕಬ್ಬಿಣ ಕಾಣುವವರೆಗೂ ಬಿಡಲಿಲ್ಲ. ಹಲ್ಲಿರುವ ವಾಷರ್ ಹಾಕಿ, ಸ್ಪ್ಯಾನರಿಗೆ ಮೈಭಾರವೆಲ್ಲ ಬಿಟ್ಟು ತಿರುಗಿಸಿದ.

"ಈಗ ಅನ್ನು."

ಇಂಜಿನ್ ಜೋರಾಯಿತು. ವರಲಕ್ಷ್ಮಿ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಇನ್ನಷ್ಟು ಒತ್ತಿದಳು. ಸುಮ್ಮನೇ ಇದ್ದಳು.

ಸಾಯಂಕಾಲ ಬಂದ ವೆಂಕಟರಮಣಪ್ಪನಿಗೆ ಬೈರಯ್ಯ ಬೋಲ್ಟು ತೋರಿಸಿದ. "ಇಲ್ಲಿ ಬಣ್ಣ ಬಳ್ದಿದ್ದು ಯಾರು?"

"ನಾನೇ. ತುಕ್ಕು ಹಿಡಿದಿತ್ತು. ಬೋಲ್ಟ್ ಬಿಚ್ಚಿ ಸಂದಿ ಬಿಡದಂಗೆ ಬಳ್ದೆ. ಹೆಂಗಿದೆ?"

"ಬಣ್ಣ ಚೆನ್ನಾಗಿದೆ. ಅದಕ್ಕೇ ಕುಂಯ್ ಅಂದಿದ್ದು."

ವೆಂಕಟರಮಣಪ್ಪ ನಾಲಿಗೆ ಕಚ್ಚಿಕೊಂಡ. ಬೈರಯ್ಯ ಅಷ್ಟಕ್ಕೇ ಬಿಡಬಹುದಿತ್ತು. ತಪ್ಪು ಪೂರ್ತಿ ಗಿರಾಕಿಯ ತಲೆಗೆ ಬಂದಿತ್ತು, ತನ್ನ ಕಿವಿಯ ವಿಷಯ ಯಾರಿಗೂ ಬೇಕಿರಲಿಲ್ಲ. ಆದರೆ ಬೆಳಿಗ್ಗೆ ಬಿಟ್ಟ ಸುಳ್ಳು ಅವನನ್ನು ದಿನವಿಡೀ ಚುಚ್ಚಿತ್ತು. ಇನ್ನೊಂದನ್ನು ಹೊರುವ ತ್ರಾಣ ಅವನಲ್ಲಿರಲಿಲ್ಲ.

"ನೀವೇ ಕೂತು ಕೇಳ್ನೋಡಿ," ಎಂದ. "ನನಗೆ ಆ ಸದ್ದು ಕೇಳ್ಸಲ್ಲ. ಬೆಳಿಗ್ಗೆ ಕೇಳುತ್ತೆ ಅಂದಿದ್ದು ಸುಳ್ಳು. ಹಿಡಿದಿದ್ದು ಇವಳು."

ವೆಂಕಟರಮಣಪ್ಪ ಅವನ ಮುಖವನ್ನೂ, ಬಾಗಿಲಲ್ಲಿ ಸೀರೆ ಹಿಡಿದು ನಿಂತಿದ್ದ ವರಲಕ್ಷ್ಮಿಯ ಮುಖವನ್ನೂ ನೋಡಿದ. ಹತ್ತಿ ಕೂತು ಇಂಜಿನ್ ಚಾಲೂ ಮಾಡಿದ. ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಬೈರಯ್ಯ ಸ್ಪೀಕರಿನ ಕಡೆ ತಿರುಗಲೇ ಇಲ್ಲ, ಅವನ ಹುಬ್ಬುಗಳನ್ನೇ ನೋಡುತ್ತಾ ನಿಂತ. ಬೆಳಗಿನಿಂದ ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು.

ಗಾಡಿ ರಸ್ತೆಗಿಳಿಯುವ ಮುಂಚೆ ವೆಂಕಟರಮಣಪ್ಪ ಕಿಟಕಿಯಿಂದ ತಲೆ ಹೊರಹಾಕಿದ.

"ನಮ್ಮ ಭಾವಮೈದುನಂದೂ ಒಂದು ಗಾಡಿ ಐತೆ. ಅದೂ ಏನೋ ಗೊರ್ ಅನ್ನುತ್ತೆ. ಸೋಮವಾರ ಕಳಿಸ್ತೀನಿ. ಅಕ್ಕಾವ್ರು ಇರ್ತಾರಾ?"

ಬೈರಯ್ಯ ಹಿಂದಕ್ಕೆ ತಿರುಗಿ ನೋಡಿದ. ವರಲಕ್ಷ್ಮಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದಳು. ಕತ್ತರಿಸಿ, ತುಟಿಯಿಂದ ಎಳೆಯನ್ನು ತೆಗೆದು, ಬೇಕೆಂದೇ ಜೋರಾಗಿ ಹೇಳಿದಳು:

"ಇರ್ತೀನಿ!"