ಒಬ್ಬರ ಹಾಸಿಗೆಯ ಗಾಡಿ

ತಪ್ಪು ನನ್ನದೇ, ನನ್ನ ಹಾಳು ಬಾಯಿಯದು. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿ, ಮಕ್ಕಳ ಗಲಾಟೆಗೆ ಕಿವಿ ತೂತು ಬಿದ್ದುಹೋಗಿತ್ತು. ಅಕ್ಕನಿಗೆ ಫೋನಿನಲ್ಲಿ, "ಒಳಗೇ ಹಾಸಿಗೆ, ಒಲೆ ಎಲ್ಲ ಇರೋ ಒಂದು ಮನೆಗಾಡಿ ತಗೊಂಡು ಮೂರು ತಿಂಗಳು ಊರೂರು ಸುತ್ತೋಣ ಅಂತಿದೀನಿ" ಅಂದೆ. ಸುತ್ತೋಣ ಅಂದರೆ ನಾನೊಬ್ಬಳೇ. ಅಕ್ಕ ಅದನ್ನು ನಾವಿಬ್ಬರೂ ಎಂದು ತಿಳಿದಳು. "ಆಯ್ತು ಕಣೇ, ನಡಿ" ಎಂದ ಆ ದನಿಯ ಸಂಭ್ರಮ ಕೇಳಿ, ತಿದ್ದಲು ನಾಲಿಗೆ ಏಳಲಿಲ್ಲ. ಅಮ್ಮ ಸತ್ತ ಮೇಲೆ ಹೊಲಿಗೆ ಮಿಷನ್ ತುಳಿದು ನನ್ನನ್ನು ಸಾಕಿದವಳು ಅವಳು.

ಹೀಗೆ ಹಳೇ ಗಾಡಿ ಮಾರುವ ಅಂಗಳಕ್ಕೆ ಇಬ್ಬರೂ ಹೋದೆವು. ಅಕ್ಕ ಮೊದಲನೇ ಗಾಡಿ ಹತ್ತಿ, ಒಂದರ ಮೇಲೊಂದಿದ್ದ ಎರಡು ಹಾಸಿಗೆಯಲ್ಲಿ ಕೆಳಗಿನದನ್ನು ಒತ್ತಿ ನೋಡಿದಳು.

"ಕೆಳಗಿಂದು ನನಗಿರಲಿ, ಮಂಡಿ ಮಾತು ಕೇಳಲ್ಲ. ನೀನು ಮೇಲೆ ಹತ್ತು. ಗೊರಕೆ ಹೊಡೆದರೆ ಮಾತ್ರ ರಸ್ತೆಗೆ ಇಳಿಸಿಬಿಡ್ತೀನಿ."

ನನಗೆ ನಗು ಬರಲಿಲ್ಲ, ರೇಗಿತು. ರೇಗಬೇಕಾದದ್ದು ನನ್ನ ಮೇಲೆ, ರೇಗಿದ್ದು ಅವಳ ಮೇಲೆ. ಅಷ್ಟರಲ್ಲಿ ಮಾರುವವನು ಬಂದು, "ಎಷ್ಟು ಜನಕ್ಕೆ ನೋಡ್ತಿದೀರಾ ಮೇಡಂ?" ಎಂದ.

"ಒಬ್ಬರಿಗೆ" ಎಂದುಬಿಟ್ಟೆ.

ಅಕ್ಕ ಹಾಸಿಗೆಯಿಂದ ಕೈ ತೆಗೆದಳು. ಕಂಬಿ ಹಿಡಿದು ನಿಧಾನವಾಗಿ ಕೆಳಗಿಳಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಕ್ಕಾ, ನಾನು..."

"ಇರು" ಎಂದು ಅವನತ್ತ ತಿರುಗಿದಳು. "ಒಬ್ಬಳೇ ಹೆಂಗಸಿಗೆ ಇಷ್ಟು ದೊಡ್ಡದು ಯಾಕಪ್ಪಾ? ರಿವರ್ಸ್ ತಗೊಳ್ಳೋವಾಗ ಹಿಂದೆ ಯಾರು ನೋಡ್ತಾರೆ? ಚಿಕ್ಕದು ತೋರಿಸು. ಯಾರಾದ್ರೂ ಬಾಗಿಲು ಬಡಿದರೆ, ಕೆಳಗಿಳೀದೆ ಒಳಗಿಂದಲೇ ಸ್ಟೇರಿಂಗ್ ಹತ್ರ ಹೋಗೋ ಹಾಗಿರಬೇಕು."

ಮೂರು ಗಾಡಿ ಬೇಡವೆಂದಳು. ಒಂದರ ಚಿಲಕ ಸಡಿಲ, ಇನ್ನೊಂದರ ಒಲೆ ಹಾಸಿಗೆಗೆ ತೀರಾ ಹತ್ತಿರ, ಮತ್ತೊಂದರಲ್ಲಿ ಗಾಳಿಯೇ ಆಡದು. ಆಮೇಲಿನದರಲ್ಲಿ ತಾನು ಒಳಗೆ ಬೀಗ ಹಾಕಿಕೊಂಡು, ಹೊರಗಿಂದ ನನ್ನ ಕೈಲಿ ಬಾಗಿಲು ಎಳೆಸಿದಳು. ಮೈಯೆಲ್ಲ ಬಲ ಹಾಕಿ ಎಳೆದರೂ ಅದು ಅಲುಗಲಿಲ್ಲ.

"ಇದನ್ನೇ ತಗೋ" ಎಂದಳು ಒಳಗಿಂದ.

ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 'ನೀನೂ ಬಾ' ಎಂಬ ಎರಡು ಮಾತು ಆಗಲೂ ಹೇಳಲಿಲ್ಲ. ಹೇಳಿದರೆ ಬಂದುಬಿಡುತ್ತಾಳಲ್ಲ ಎಂಬ ಭಯ. ಇಂಥ ಬುದ್ಧಿಗೆ ಏನನ್ನಬೇಕು. ಕಾಗದಕ್ಕೆ ಸಹಿ ಹಾಕಿದೆ.

ವಾಪಸ್ ಬಂದು ಅವಳ ಬೀದಿಯಲ್ಲಿ ಇಳಿಸಿದಾಗ, ಅಕ್ಕ ಮನೆಗೆ ಹೋಗದೆ ಎದುರುಮನೆಯ ಬೆಲ್ ಒತ್ತಿದಳು.

"ಅಲ್ಲೇನು ಕೆಲಸ ಅಕ್ಕಾ?"

"ಮೂರು ತಿಂಗಳು ಇರಲ್ಲ ಅಂತ ಹೊಲಿಯೋಕೆ ಕೊಟ್ಟಿದ್ದ ಎಲ್ಲರ ಬಟ್ಟೆನೂ ಹೋದ ವಾರವೇ ವಾಪಸ್ ಕೊಟ್ಟಿದ್ದೆ. ಬೇರೆ ಟೈಲರಿಗೆ ಕೊಡದೇ ಇದ್ರೆ ಇಸ್ಕೊಳ್ತೀನಿ. ನೀನು ಹೊರಡು."